ನಿಂತ ಕಾರಿಗೆ ದಿನಾ 5 ನಿಮಿಷದ ಸ್ಟಾರ್ಟ್ ಬೇಕೇ? ಸತ್ಯಾಂಶ ಇಲ್ಲಿದೆ

"ಕಾರು ಓಡಿಸದಿದ್ದರೂ ದಿನಾ 5 ನಿಮಿಷ ಸ್ಟಾರ್ಟ್ ಮಾಡಿಡಿ, ಎಂಜಿನ್, ಬ್ಯಾಟರಿ ಎರಡೂ ಚೆನ್ನಾಗಿರುತ್ತವೆ" ಎಂಬ ಸಂದೇಶ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಉದ್ದೇಶ ಒಳ್ಳೆಯದೇ, ಆದರೆ ಆಗುವುದು ಉಲ್ಟಾ.

1 ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚುಕಮ್ಮಿ ಅಷ್ಟೇ ನೀರು ಆವಿಯಾಗಿ ಹುಟ್ಟುತ್ತದೆ. ಬೆಳಗಿನ ತಂಪಿನಲ್ಲಿ ಸೈಲೆನ್ಸರ್ ತುದಿಯಿಂದ ತೊಟ್ಟಿಕ್ಕುವುದು ಅದೇ. ಕಾರು ದೂರ ಓಡಿದರೆ ಬಿಸಿಗೆ ಎಲ್ಲ ಒಣಗಿಹೋಗುತ್ತದೆ. ನಿಂತಲ್ಲೇ 5 ನಿಮಿಷ ಗುರ್ ಎಂದರೆ ಎಂಜಿನ್ ಆಯಿಲ್ ಸರಿಯಾಗಿ ಬಿಸಿಯೇ ಆಗುವುದಿಲ್ಲ. ನೀರು, ಉರಿಯದ ಪೆಟ್ರೋಲ್ ಆಯಿಲ್‌ಗೆ ಸೇರುತ್ತವೆ, ಸೈಲೆನ್ಸರ್ ಒಳಗಿಂದ ತುಕ್ಕು ಹಿಡಿಯುತ್ತದೆ. ಆಯಿಲ್ ಮುಚ್ಚಳ ತೆಗೆದಾಗ ಮಜ್ಜಿಗೆಯಂಥ ಬಿಳಿ ಲೋಳೆ ಕಂಡಿದ್ದರೆ, ಬಹುಪಾಲು ಇದೇ ಕಾರಣ.

ಬ್ಯಾಟರಿಯೂ ಅಷ್ಟೇ. ಸ್ಟಾರ್ಟರ್ ಎಳೆದುಕೊಂಡ ಕರೆಂಟು 5 ನಿಮಿಷದ ಐಡ್ಲಿಂಗ್‌ನಲ್ಲಿ ಪೂರ್ತಿ ವಾಪಸ್ ಬರುವ ಖಾತ್ರಿಯಿಲ್ಲ, ಎಸಿ ಹಾಕಿದ್ದರಂತೂ ಕೇಳಲೇಬೇಡಿ.

ಹದಿನೈದು ದಿನಕ್ಕೊಮ್ಮೆ ಅರ್ಧ ಗಂಟೆ ರಸ್ತೆಯಲ್ಲಿ ಓಡಿಸಿ, ಬ್ರೇಕ್, ಟೈರ್‌ಗೂ ಕೆಲಸ ಸಿಗುತ್ತದೆ. ತಿಂಗಳುಗಟ್ಟಲೆ ಊರಲ್ಲಿರುವುದಿಲ್ಲವೇ? ಬ್ಯಾಟರಿಯ ನೆಗೆಟಿವ್ ವೈರ್ ಬಿಚ್ಚಿಡಿ. ಹ್ಯಾಂಡ್‌ಬ್ರೇಕ್ ಬಿಟ್ಟು, ಗೇರಿನಲ್ಲಿಟ್ಟು, ಚಕ್ರಕ್ಕೆ ಕಲ್ಲು ಕೊಡಿ. ಮುಚ್ಚಿದ ಗ್ಯಾರೇಜಿನಲ್ಲಂತೂ ಎಂಜಿನ್ ಚಾಲೂ ಇಡಲೇಬೇಡಿ. ಹೊಗೆಯಲ್ಲಿರುವ ವಿಷಾನಿಲ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ.