ಟ್ಯಾಂಕ್ ತುಂಬಿದ ಸದ್ದು

ದಾವಣಗೆರೆಯಲ್ಲಿ ನಮ್ಮ ಬೀದಿಗೆ ನಲ್ಲಿ ನೀರು ದಿನಾ ಬರುವುದಿಲ್ಲ. ಬಂದ ದಿನ ಸಂಪು ತುಂಬಿಸಿ, ಮೋಟರ್ ಹಾಕಿ ಮೇಲಿನ ಟ್ಯಾಂಕಿಗೆ ಏರಿಸಬೇಕು. ಮೋಟರ್ ಹಾಕುವುದು ನನ್ನ ಕೆಲಸ. ಆಫ್ ಮಾಡಲು ಮರೆಯುವವನೂ ನಾನೇ. ನೆನಪಿಸುವುದು ಪಕ್ಕದ ಮನೆಯ ಅಜ್ಜಿ. “ಟ್ಯಾಂಕ್ ತುಂಬಿ ಹರೀತೈತಿ, ಮೋಟ್ರು ಬಂದ್ ಮಾಡಪ್ಪೋ!” ಅಜ್ಜಿಗೆ ವೈಫೈ ಬೇಡ, ಚಾರ್ಜಿಂಗ್ ಬೇಡ. ವರ್ಷದ ಖರ್ಚು ಯುಗಾದಿಯ ನಾಲ್ಕು ಹೋಳಿಗೆ.

ಇಷ್ಟಿದ್ದೂ ನನಗೆ ಸ್ಮಾರ್ಟ್ ಆಗುವ ಚಪಲ. 650 ರೂಪಾಯಿಗೆ ಒಂದು ಸ್ಮಾರ್ಟ್ ಪ್ಲಗ್ ತರಿಸಿದೆ. ಇಪ್ಪತ್ತು ನಿಮಿಷಕ್ಕೆ ತಾನೇ ಆಫ್ ಆಗಲಿ ಅಂತ ಮೊಬೈಲಿನಲ್ಲಿ ಟೈಮರ್ ಇಟ್ಟೆ. ಎರಡು ತಿಂಗಳು ರಾಜನ ಹಾಗಿದ್ದೆ. ಒಂದು ಭಾನುವಾರ ಅಜ್ಜಿಯ ಕೂಗು ಮತ್ತೆ ಕೇಳಿಸಿತು. ಮೊಬೈಲ್ ನೋಡಿದೆ. ‘ಆಫ್’ ಅಂತ ತೋರಿಸುತ್ತಿತ್ತು. “ಆಫ್ ಆಗಿದೆ ಅಜ್ಜಿ” ಅಂದೆ. ಅಜ್ಜಿ ಮಾತಾಡದೆ ಮೇಲಕ್ಕೆ ಕೈ ತೋರಿಸಿದರು. ನೀರು ಧೋ ಅಂತ ಸುರಿಯುತ್ತಿತ್ತು.

ಸಂಜೆ ಎಲೆಕ್ಟ್ರಿಷಿಯನ್ ಬಂದ. ಮಂಡಕ್ಕಿ-ಮೆಣಸಿನಕಾಯಿ ತಿನ್ನುತ್ತಲೇ ಪ್ಲಗ್ ಬಿಚ್ಚಿದ. “ಇದರ ಮ್ಯಾಲೆ 10 ಆಂಪ್ ಅಂತ ಬರ್ದಾರ್ರೀ. ನಿಮ್ಮ ಒಂದು ಎಚ್‌ಪಿ ಮೋಟ್ರು ಓಡುವಾಗ ಅಷ್ಟು ಎಳೆಯಲ್ಲ. ಶುರುವಾಗೋವಾಗ ಮಾತ್ರ ಐದಾರು ಪಟ್ಟು ಎಳೀತೈತಿ.” ಒಳಗಿನ ರಿಲೇಯ, ಅಂದರೆ ಕರೆಂಟನ್ನು ಕೂಡಿಸಿ ಕಡಿಯುವ ಪುಟ್ಟ ಸ್ವಿಚ್ಚಿನ, ಎರಡು ಪಾಯಿಂಟುಗಳು ಕಾದು ಅಂಟಿಕೊಂಡಿದ್ದವು. ಪ್ಲಗ್ ಪಾಪ, ತಾನು ಆಫ್ ಆದೆ ಅಂತಲೇ ನಂಬಿತ್ತು. ನಾನು ಅದನ್ನು ನಂಬಿದ್ದೆ.

ಮಲಗುವ ಕೋಣೆಯ ಸ್ಮಾರ್ಟ್ ಬಲ್ಬೂ ಅಗ್ಗದ್ದೇ. ರಾತ್ರಿ ಮೂರಕ್ಕೆ ಕರೆಂಟು ಹೋಗಿ ಬಂದರೆ ತಾನೇ ಝಗ್ಗನೆ ಉರಿಯುತ್ತದೆ. ಬೈದುಕೊಂಡು ಎದ್ದು ಸ್ವಿಚ್ ಒತ್ತುತ್ತೇನೆ, ಅಷ್ಟೇ. ಅದಕ್ಕೆ ಜಾಸ್ತಿ ದುಡ್ಡು ಯಾಕೆ, ಅಲ್ವಾ?

ದುಬಾರಿಯದನ್ನೇ ತಂದರೆ ನಿಶ್ಚಿಂತೆ ಅನ್ನೋಣ ಅಂದರೆ ಅದೂ ಇಲ್ಲ. ಅಮೆರಿಕದಲ್ಲಿ ರಿವಾಲ್ವ್ ಅನ್ನುವ ಹಬ್ ಇತ್ತು, ಮನೆಯ ಸ್ಮಾರ್ಟ್ ಸಾಮಾನುಗಳನ್ನೆಲ್ಲ ಒಂದೇ ಕಡೆಯಿಂದ ನಡೆಸುವ ಡಬ್ಬಿ. ಬೆಲೆ 300 ಡಾಲರ್. ಆ ಕಂಪನಿಯನ್ನು ಗೂಗಲ್ ಬಳಗದ ನೆಸ್ಟ್ ಕೊಂಡಿತು. 2016ರಲ್ಲಿ, ಹಬ್ ಇಂಟರ್‌ನೆಟ್ ಮೂಲಕ ನೆಚ್ಚಿಕೊಂಡಿದ್ದ ಕಂಪನಿಯ ಸರ್ವರನ್ನೇ ನಿಲ್ಲಿಸಿತು. ಕೊಂಡವರ ಮನೆಯಲ್ಲಿ ಉಳಿದದ್ದು ಸುಮ್ನೆ ಒಂದು ಡಬ್ಬಿ. ಅದಕ್ಕೇ ನಾನೀಗ ಬೆಲೆಗಿಂತ ಮೊದಲು ಕೇಳುವುದು ಒಂದೇ: ಇಂಟರ್‌ನೆಟ್ ಹೋದರೂ ಇದು ಕೆಲಸ ಮಾಡುತ್ತಾ?

ಕೊನೆಗೆ ಎಲೆಕ್ಟ್ರಿಷಿಯನ್ ಹೇಳಿದ್ದನ್ನೇ ಹಾಕಿಸಿದೆ. ಟ್ಯಾಂಕಿನೊಳಗೆ ನೀರಿನ ಜೊತೆ ಏರಿಳಿಯುವ ಫ್ಲೋಟ್ ಸ್ವಿಚ್, ಕೆಳಗೆ ಮೋಟರಿನ ಭಾರ ಹೊರಲು ಒಂದು ಕಾಂಟ್ಯಾಕ್ಟರ್, ಅಂದರೆ ಗಟ್ಟಿಮುಟ್ಟಾದ ರಿಲೇ. ಕೂಲಿ ಸೇರಿ 2,800 ರೂಪಾಯಿ. ಮೊಬೈಲಿನಲ್ಲಿ ತೋರಿಸಿ ಮೆರೆಯಲು ಏನೂ ಇಲ್ಲ. ಮಗ ಅಂತೂ “ಇದರಲ್ಲಿ ಸ್ಮಾರ್ಟ್ ಏನಪ್ಪಾ?” ಅಂತ ನಕ್ಕ.

ಮೂರು ವಾರವಾಗಿತ್ತು. ಬೆಳಿಗ್ಗೆ ಅಜ್ಜಿ ಕಾಂಪೌಂಡಿನ ಮೇಲಿಂದ ಇಣುಕಿದರು.

“ಊರಾಗೇ ಇದೀಯೇನಪ್ಪಾ? ಟ್ಯಾಂಕ್ ತುಂಬಿದ ಸದ್ದೇ ಇಲ್ಲ!”