ಕ್ರಿಸ್ಪಿ ನೀರ್ ದೋಸೆ, ಒಂದು ಪ್ಲೇಟ್

ಮೊನ್ನೆ ಜೋರು ಮಳೆ. ಉಡುಪಿಯ ಒಂದು ಹೋಟೆಲಿಗೆ ನುಗ್ಗಿ ಮೆನು ಕಾರ್ಡ್ ಬಿಡಿಸಿದೆ. 'ಕ್ರಿಸ್ಪಿ ನೀರ್ ದೋಸೆ' ಅಂತ ಇತ್ತು. ಅದರ ಕೆಳಗೆ ಕ್ರಿಸ್ಪಿ ಬನ್ಸ್, ಕ್ರಿಸ್ಪಿ ಗೋಳಿಬಜೆ. ಪುಣ್ಯಕ್ಕೆ ಇಡ್ಲಿಯನ್ನು ಬಿಟ್ಟಿದ್ದರು. ಜಾಗ ಸಾಕಾಗಲಿಲ್ಲವೋ ಏನೋ.

ನೀರ್ ದೋಸೆ ಅಂದರೇನು ಅಂತ ಉಡುಪಿಯಲ್ಲೂ ಹೇಳಬೇಕಾ? ನೆನೆಸಿದ ಅಕ್ಕಿಯನ್ನು ನುಣ್ಣಗೆ ಅರೆದು, ಮಜ್ಜಿಗೆಯ ಹಾಗೆ ನೀರು ಮಾಡಿ, ಕಾದ ಕಾವಲಿಗೆ ಹೊಯ್ದು, ಮುಚ್ಚಳ ಮುಚ್ಚಿ, ಮಗುಚದೆ ಹಾಗೇ ಮಡಚಿ ತೆಗೆಯುವುದು. ಕರವಸ್ತ್ರದ ಹಾಗೆ ಮಡಚಲು ಬರಬೇಕು. ಗರಿಗರಿಯಾದರೆ ಮುರಿಯುತ್ತದೆ. ಅಂಥದ್ದು ನಮ್ಮ ಮನೆಯಲ್ಲಿ ಆದರೆ ಅಮ್ಮ ದನಕ್ಕೆ ಹಾಕುತ್ತಿದ್ದರು.

ಸಪ್ಲೈಯರ್ ಹುಡುಗನನ್ನು ಕರೆದೆ.

"ಈ ಕ್ರಿಸ್ಪಿ ಅಂದ್ರೆ ಎಂತ ಮಾರಾಯ?"

"ಒಳ್ಳೆ ಸಾಫ್ಟ್ ಉಂಟು ಸಾರ್."

"ಹಾಗಾದ್ರೆ ಸಾದಾ ನೀರ್ ದೋಸೆಗೂ ಇದಕ್ಕೂ ಎಂತ ವ್ಯತ್ಯಾಸ?"

"ಇದಕ್ಕೆ ಇಪ್ಪತ್ತು ರೂಪಾಯಿ ಜಾಸ್ತಿ."

ಇಷ್ಟು ಸ್ಪಷ್ಟವಾಗಿ ಯಾವ ನಿಘಂಟೂ ಹೇಳಿಲ್ಲ. ಲ್ಯಾಟಿನ್ನಿನಲ್ಲಿ 'ಕ್ರಿಸ್ಪಸ್' ಅಂದರೆ ಗುಂಗುರು. ಹಳೇ ಇಂಗ್ಲಿಷಿನಲ್ಲೂ 'ಕ್ರಿಸ್ಪ್' ಅನ್ನುತ್ತಿದ್ದದ್ದು ಗುಂಗುರು ಕೂದಲಿಗೆ, ತಿಂಡಿಗೆ ಬಂದದ್ದು ಆಮೇಲೆ. ಹೋಟೆಲಿನ ದೋಸೆಯಲ್ಲಿ ಆಗಾಗ ಸಿಗುವ ವಸ್ತುವನ್ನು ನೋಡಿದರೆ ಆ ಹಳೇ ಅರ್ಥವೇ ಸರಿ ಅನಿಸುತ್ತದೆ.

ಈಗಿನ ಅರ್ಥದಲ್ಲಿ ಕ್ರಿಸ್ಪಿ ಅಂದರೆ ತೆಳ್ಳಗಿದ್ದು ಹಲ್ಲು ತಾಗಿದ ಕೂಡಲೇ ಚಟ್ ಅಂತ ಮುರಿಯುವುದು. ಹಪ್ಪಳ, ಸಾರು ಹೊಯ್ಯುವ ಮೊದಲಿನ ಕೋರಿ ರೊಟ್ಟಿ, ಹಾಗೆ. ಚಕ್ಕುಲಿ ಬೇರೆ, ಅಗಿದಷ್ಟು ಹೊತ್ತೂ ಕುರುಂ ಕುರುಂ. ಅದು ಕ್ರಂಚಿ. ಇದರಲ್ಲಿ ಕಿವಿಗೂ ಪಾಲುಂಟು. ವಿಜ್ಞಾನಿಗಳಿಬ್ಬರು ಚಿಪ್ಸ್ ತಿನ್ನುವವರಿಗೆ ಹೆಡ್‌ಫೋನ್ ಹಾಕಿ, ಮುರಿಯುವ ಸದ್ದನ್ನು ಜೋರು ಮಾಡಿ ಕೇಳಿಸಿದರು. ಅದೇ ಚಿಪ್ಸ್ ಇನ್ನೂ ಗರಿಗರಿ ಅನಿಸಿತು. ಅದಕ್ಕೆ 2008ರಲ್ಲಿ ಇಗ್ ನೊಬೆಲ್, ಅಂದರೆ ಮೊದಲು ನಗಿಸಿ ಆಮೇಲೆ ಯೋಚಿಸುವಂತೆ ಮಾಡುವ ಸಂಶೋಧನೆಗೆ ಕೊಡುವ ತಮಾಷೆಯ ಬಹುಮಾನವೂ ಬಂತು. ಇನ್ನು ನೀರ್ ದೋಸೆಯ ಜೊತೆ ಚಟ್ನಿ ಬಟ್ಟಲಿನ ಪಕ್ಕ ಒಂದು ಹೆಡ್‌ಫೋನ್ ಇಡುವುದೇ ಬಾಕಿ.

ಗರಿಗರಿ ಅನ್ನುವ ಮಾತು ನಮ್ಮಲ್ಲೇ ಇತ್ತಲ್ವಾ? ಗಂಜಿ ಹಾಕಿ ಇಸ್ತ್ರಿ ಮಾಡಿದ ಪಂಚೆಗೂ ಅದನ್ನೇ ಹೇಳುತ್ತೇವೆ. ಮೆನು ಕಾರ್ಡಿಗೆ ಮಾತ್ರ ಅದು ಹಳ್ಳಿಯ ಮಾತಾಯಿತು.

ದೋಸೆ ಬಂತು. ಮೆತ್ತಗಿತ್ತು, ಹಬೆಯಾಡುತ್ತಿತ್ತು, ಬಹಳ ಚೆನ್ನಾಗಿತ್ತು. ಸುಮ್ನೆ ತಿಂದು ಎದ್ದೆ.

ಕ್ಯಾಶಿನಲ್ಲಿ ನೂರರ ನೋಟು ಕೊಟ್ಟೆ. ಮಳೆಗೆ ಜೇಬಿನಲ್ಲೇ ನೆನೆದು ಅದೂ ನೀರ್ ದೋಸೆಯ ಹಾಗಾಗಿತ್ತು. ಅವರು ಎರಡು ಬೆರಳಲ್ಲಿ ಎತ್ತಿ ಹಿಡಿದು ಕೇಳಿದರು, "ಗರಿಗರಿ ನೋಟು ಇಲ್ವಾ ಮಾರಾಯ್ರೆ?"