ಪ್ಯೂರ್ ವೆಜ್ಜೇ ಸಾರ್!

ಬೆಂಗಳೂರಿನ ಸಣ್ಣ ಸಸ್ಯಾಹಾರಿ ಹೋಟೆಲುಗಳ ಬೋರ್ಡಿನಲ್ಲೂ ಈಗ ‘ವೀಗನ್ ಸಿಗುತ್ತದೆ’ ಅಂತ ಒಂದು ಸಾಲು. ವೀಗನ್ ಅಂದರೆ ಹಾಲು, ತುಪ್ಪವೂ ಸೇರಿ ಪ್ರಾಣಿಮೂಲದ್ದು ಏನೂ ಇಲ್ಲದ ಆಹಾರ. ಯಾವುದು ಅಂತ ಕೇಳಿದರೆ ಸಪ್ಲೈಯರ್ ಉತ್ತರ: “ಎಲ್ಲಾ ಪ್ಯೂರ್ ವೆಜ್ಜೇ ಸಾರ್!” ವೆಜ್ ಅಂದರೆ ಹಾಲು, ಮೊಸರು, ತುಪ್ಪ ಎಲ್ಲಾ ಸೇರಿತಲ್ಲಪ್ಪ! ಪೊಟ್ಟಣದ ಹಸಿರು ಚುಕ್ಕೆಗೂ ಹಾಲು ಅಡ್ಡಿಯಿಲ್ಲ. ವೀಗನ್ ಆಹಾರಕ್ಕೆ 2022ರ ನಿಯಮದಲ್ಲಿ ಬೇರೆಯೇ ಚಿಹ್ನೆ ಇದೆ.

“ಬೆಣ್ಣೆ ಬೇಡ, ಎಣ್ಣೆ ಹಾಕಿ” ಅಂದರೂ ಆಗಷ್ಟೇ ಬೆಣ್ಣೆ ಮಸಾಲೆ ಎತ್ತಿದ ಕಾವಲಿಯ ಮೇಲೇ ನಿಮ್ಮ ದೋಸೆ ಹಿಟ್ಟು ಬೀಳುತ್ತದೆ. ನೀರು ಚಿಮುಕಿಸಿ ಪೊರಕೆಯಲ್ಲಿ ಒಮ್ಮೆ ಗುಡಿಸಿದರೆ ಆ ಜಿಡ್ಡು ಪೂರ್ತಿ ಹೋಗಲ್ಲ. ಅಷ್ಟುದ್ದದ ಕಾವಲಿಯಲ್ಲಿ ಒಂದು ಮೂಲೆ ಎಣ್ಣೆಗೇ ಬಿಟ್ಟರೆ ಗಂಟೇನು ಹೋಗುತ್ತೆ? ರವೆ ಇಡ್ಲಿಯ ಆಸೆ ಬಿಡಿ, ರವೆ ನೆನೆಯುವುದೇ ಮೊಸರಲ್ಲಿ. ಪೊಂಗಲ್, ಕೇಸರಿಬಾತ್‌ಗೆ ಒಲೆಯ ಮೇಲೇ ತುಪ್ಪ ಬಿದ್ದಿರುತ್ತದೆ. ತಟ್ಟೆಗೆ ಬಂದಮೇಲೆ ‘ತುಪ್ಪ ಬೇಡ’ ಅಂದು ಏನು ಬಂತು? ತಂದೂರಿ ರೊಟ್ಟಿಗೆ ಬೆಣ್ಣೆ ಸವರದಂತೆ ಹೇಳಬಹುದು. ನಾನ್ ಹಿಟ್ಟಿಗೆ ಕಲಸಿದ ಮೊಸರು?

ಇನ್ನು ಸೋಯಾ ಹಾಲಿನ ಕಾಫಿ. ಫ್ರಿಜ್ಜಿನ ತಣ್ಣನೆ ಹಾಲಿಗೆ ಕುದಿಯುವ ಡಿಕಾಕ್ಷನ್ ಸುರಿದು, ಒಡೆದದ್ದನ್ನೇ ಲೋಟದಲ್ಲಿ ತಂದಿಡುತ್ತಾರೆ. ಹಾಲು ಬಿಸಿ ಮಾಡಿಕೊಂಡು, ಡಿಕಾಕ್ಷನ್ ಸ್ವಲ್ಪ ಆರಿಸಿ, ನಿಧಾನಕ್ಕೆ ಬೆರೆಸಬೇಕು. ಇಷ್ಟಕ್ಕೆ ಹೆಚ್ಚುವರಿ ದುಡ್ಡು ಬೇರೆ!

ಸದ್ಯಕ್ಕೆ ಇಡ್ಲಿ, ಉದ್ದಿನ ವಡೆ, ಪುಳಿಯೋಗರೆಯೇ ಗತಿ. ಸಾಂಬಾರಿನ ಒಗ್ಗರಣೆ ಎಣ್ಣೆಯದೋ ತುಪ್ಪದ್ದೋ ಅಂತ ಗಲ್ಲಾದಲ್ಲಿ ಕೇಳಬೇಡಿ, ಅಡುಗೆ ಭಟ್ಟರನ್ನೇ ಕೇಳಿ.